ಕಪ್ಪು ಕಾರಿನ ಸಾಹೇಬರು

ಆಳಾಗಬಲ್ಲವನು ಫೋನಿನಲ್ಲಿ ಅರಸನಾಗಬಲ್ಲ. ಗಾದೆ ಹೀಗಲ್ಲವೆಂದು ಯಾರೂ ಬೆರಳೆತ್ತಬೇಕಿಲ್ಲ. ಗಾದೆ ಸುಳ್ಳಾದರೂ ಈ ಕತೆ ಸುಳ್ಳಾಗದು. ಕತೆ ಕಣ್ಣುಬಿಡುವ ಹೊತ್ತಿಗೆ ಗಿಳಿ ಎಂಬವನು ಒಂದು ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಬಲಗೈಯ ಉಗುರು ಉಜ್ಜುತ್ತಿದ್ದ.

ಸೋಪು ಆಯಿತು, ಸೀಮೆಎಣ್ಣೆ ಆಯಿತು, ಹಲ್ಲುಜ್ಜುವ ಬ್ರಷ್ಷೂ ಆಯಿತು. ಉಗುರಿನ ಸಂದಿಯ ಮಸಿ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಸಾಕು ಬಿಡೋ," ಪಕ್ಕದಲ್ಲಿದ್ದ ಟೈರಿನವನು ಪಿಸುಗುಟ್ಟಿದ. "ಬದುಕಿದ್ದಾಗ ಹೋಗದೇ ಇದ್ದದ್ದು ಈಗ ಹೋಗುತ್ತಾ? ಹೊಗೆಯಣ್ಣ ಕೊನೆಗೂ ಹೊಗೆ ಹಾಕಿಸ್ಕೊಂಡ ನೋಡು."

ಗಿಳಿ ಕೆಮ್ಮಿದಂತೆ ಮಾಡಿ ನಗು ನುಂಗಿದ.

ಮೂವರೂ ಒಂದೇ ಕಾರು ತೊಳೆಯುವ ಶೆಡ್ಡಿನವರು. ಟೈರಿನವನಿಗೆ ಟೈರು. ಗಿಳಿಗೆ ಕಾರಿನ ಒಳಗಿನ ಸೀಟು, ನೆಲಹಾಸು. ಸತ್ತವನಿಗೆ ಕಾರಿನ ಹಿಂಬದಿ, ಅದರಲ್ಲೂ ಸೈಲೆನ್ಸರಿನ ತುದಿಗೆ ಸಿಕ್ಕಿಸಿದ ಕ್ರೋಮಿನ ಕೊಳವೆ. ಹೊಗೆ ಉಗುಳುವ ಬಾಯಿಯನ್ನು ಕನ್ನಡಿ ಮಾಡುವವನು ಹೊಗೆಯಣ್ಣನಲ್ಲದೆ ಇನ್ನೇನಾದಾನು? ಗಿಳಿಗೂ ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಮೂಗು ಗಂಟಲು ಸಮೇತ ಎತ್ತಿಕೊಂಡು ಬರುತ್ತಿದ್ದ.

ಹೆಣ ಒಯ್ಯುವ ವ್ಯಾನು ತಡವಾಗಿತ್ತು. ಹೆಣ ಕಾಯುತ್ತದೆ, ನಾಲಿಗೆ ಕಾಯುವುದಿಲ್ಲ. ಗೋಡೆಗೊರಗಿ ಕೂತಿದ್ದ ಸತ್ತವನ ತಂಗಿ ಅಣ್ಣನ ಮುಖವನ್ನು ಒಮ್ಮೆ, ಅತ್ತಿಗೆಯ ಮುಖವನ್ನು ಒಮ್ಮೆ ನೋಡಿ ಶುರುಮಾಡಿದಳು.

"ತಲೆಗೆ ಬಣ್ಣ, ಮೈಗೆ ಹೊಸ ಶರ್ಟು. ರಜಾ ದಿನ, ಬಾಗಿಲು ಹಾಕಿದ ಶೆಡ್ಡಿನ ಮುಂದೆ ನಿಂತು ಎದೆ ಒಡ್ಕೊಂಡು ಸಾಯೋಕೆ ಯಾರಾದ್ರೂ ಇಷ್ಟು ಸಿಂಗಾರ ಮಾಡ್ಕೊಂಡು ಹೋಗ್ತಾರಾ?"

"ಸಾಹೇಬ್ರು ಬರ್ತೀನಿ ಅಂದಿದ್ರು," ಹೆಂಡತಿ ಹೇಳಿದಳು. ಬೆಳಗಿನಿಂದ ಅದೇ ಮಾತು.

"ಯಾವ ಸಾಹೇಬ್ರು ಅತ್ತಿಗೆ? ಇಷ್ಟು ವರ್ಷ ಸಾಹೇಬ್ರು ಅಂದ್ರು, ಸಾಹೇಬ್ರು ನಕ್ರು, ಸಾಹೇಬ್ರು ಕೆಮ್ಮಿದ್ರು ಅಂತ ಕೇಳಿದ್ದೇ ಕೇಳಿದ್ದು. ಕಣ್ಣಲ್ಲಿ ಕಂಡೋರು ಯಾರಿದ್ದೀರಾ? ಸಾಹೇಬ್ರಿಗೆ ಮೀಸೆ ಇತ್ತೋ ಜಡೆ ಇತ್ತೋ, ದೇವ್ರಿಗೇ ಗೊತ್ತು."

ಕೂತ ಹೆಂಗಸರಲ್ಲಿ ಒಬ್ಬಳು ಅಳು ನಿಲ್ಲಿಸಿದಳು. ಇನ್ನೊಬ್ಬಳು ಸೆರಗು ಸರಿಮಾಡಿಕೊಂಡು ಹತ್ತಿರ ಸರಿದಳು. ವ್ಯಾನು ಬರುವಷ್ಟರಲ್ಲಿ ಆ ಜಡೆ ಬೀದಿಯ ತುದಿ ಮುಟ್ಟುತ್ತದೆಂದು ಹೆಂಡತಿಗೆ ಗೊತ್ತಿತ್ತು. ಗಿಳಿಗೂ ಗೊತ್ತಿತ್ತು. ಸಾಹೇಬರಿಗೆ ಮೀಸೆಯೂ ಇಲ್ಲ, ಜಡೆಯೂ ಇಲ್ಲ ಎಂಬುದು ಮಾತ್ರ ಅವನನ್ನೂ ಟೈರಿನವನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

*

ಕಪ್ಪು ಕಾರು ತಿಂಗಳಿಗೊಮ್ಮೆ ಬರುತ್ತಿತ್ತು. ಡ್ರೈವರು ಕೀಲಿ ಕೊಟ್ಟು ಚಹಾ ಕುಡಿಯಲು ಹೋಗುತ್ತಿದ್ದ. ಕಾರಿನ ಮಾಲೀಕ ದಪ್ಪಗಿದ್ದನೋ ಸಣ್ಣಗಿದ್ದನೋ ಶೆಡ್ಡಿನಲ್ಲಿ ಯಾರೂ ಕಂಡವರಿಲ್ಲ. ಹೊಗೆಯಣ್ಣ ಕಂಡದ್ದು ಆ ಕಾರಿನ ಜೋಡಿ ಕೊಳವೆಗಳನ್ನಷ್ಟೆ. ಅವು ತಣ್ಣಗಾಗುವವರೆಗೆ ಕಾದು, ಸೋಪಿನ ನೀರಲ್ಲಿ ಒಳಗಿನ ಮಸಿ ಬಿಡಿಸಿ, ಕೂದಲಿಗಿಂತ ನಯವಾದ ಸ್ಟೀಲ್ ನಾರಿನಲ್ಲಿ ತಿಕ್ಕುತ್ತಿದ್ದ. ಒರಟು ನಾರು ತಾಗಿದರೆ ಕ್ರೋಮು ಎದ್ದು ಒಳಗಿನ ಹಳದಿ ಹಲ್ಲು ಕಿರಿಯುತ್ತದೆ. ಆಮೇಲೆ ಪೇಸ್ಟು, ಆಮೇಲೆ ಹಳೇ ಬನಿಯನ್ನಿನ ಬಟ್ಟೆ. ಇಷ್ಟೆಲ್ಲ ಆಗಿ ಕಾರು ಗೇಟು ದಾಟುವುದರೊಳಗೆ ಮತ್ತೆ ಮಸಿ. ಆ ಹೊಳಪನ್ನು ನೋಡುವವರೇ ಇಲ್ಲ. ಹಿಂದಿನ ಕಾರಿನವನು ನೋಡಿದರೂ ಬೈಯುವುದಕ್ಕೇ ನೋಡುತ್ತಾನೆ.

ಒಂದು ಮಧ್ಯಾಹ್ನ ಗಿಳಿ ಆ ಕಾರಿನ ಹಿಂದಿನ ಸೀಟಿನಲ್ಲಿ ಧೂಳು ಹೀರಿಸುತ್ತ ಬೇಸತ್ತಿದ್ದ. ಗಾಜುಗಳು ಏರಿದ್ದವು. ಜೇಬಿನ ಫೋನಿನಲ್ಲಿ ಯಾರಿಗೂ ನಂಬರು ಕೊಡದ ಹೊಸ ಸಿಮ್ಮಿತ್ತು. ಮೂಗು ಹಿಡಿದುಕೊಂಡು ಒಂದು ದನಿ ಕಟ್ಟಿದ. ಮೂಗು ಅವನ ಹಳೇ ಹೆಡ್‌ಮೇಷ್ಟರದು, ಕೆಮ್ಮು ಶೆಡ್ಡಿನ ಮಾಲೀಕನದು, ನಿಧಾನ ಅವನ ಸ್ವಂತ ಮಾವನದು.

"ಹಲೋ. ನನ್ನ ಕಾರಿನ ಕೊಳವೆ ತಿಕ್ಕೋನು ನೀನೇನಾ?"

ಹಿಂಗಾಜಿನಾಚೆ ಹೊಗೆಯಣ್ಣ ಎದ್ದು ನಿಂತ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಶರ್ಟಿನ ಕತ್ತಿನ ಗುಂಡಿ ಹಾಕಿಕೊಂಡ. "ಹೌದು ಸಾಹೇಬ್ರೇ."

"ಹೋದ ಸಲ ನಿನ್ನ ಕೊಳವೆ ನೋಡ್ಕೊಂಡೇ ಗಡ್ಡ ಕೆರ್ಕೊಂಡೆ. ಒಂದು ಕೂದ್ಲು ಉಳೀಲಿಲ್ಲ. ಏನು ತಿಳೀತು?"

"ತಿಳೀತು ಸಾಹೇಬ್ರೇ. ಬಗ್ಗಿ ಕೆರ್ಕೊಂಡ್ರಾ, ಕೂತ್ಕೊಂಡು ಕೆರ್ಕೊಂಡ್ರಾ? ಸೊಂಟ ಜೋಪಾನ."

ಗಿಳಿ ಒಂದೇ ಸಲಕ್ಕೆಂದು ಮಾಡಿದ ತಮಾಷೆ ಅದು. ಇಂಥ ಉತ್ತರ ಸಿಕ್ಕಿದ ಮೇಲೆ ನಿಲ್ಲಿಸುವುದು ಹೇಗೆ? ಎಡಗಡೆ ಕೊಳವೆ ಮುನಿಸಿಕೊಂಡಿದೆ, ಅದಕ್ಕೊಂದು ಹಾಡು ಹೇಳು ಎಂದರು ಸಾಹೇಬರು. ಹೊಗೆಯಣ್ಣ ಮಂಡಿಯೂರಿ ಕೊಳವೆಯ ಬಾಯಿಗೆ ಬಾಯಿಟ್ಟು ಹಾಡಿದ. ಟೈರುಗಳ ರಾಶಿಯ ಹಿಂದೆ ಟೈರಿನವನು ಬಾಯಿಗೆ ಬಟ್ಟೆ ತುರುಕಿಕೊಂಡು ಹೊರಳಾಡಿದ. ಇನ್ನೊಂದು ಸಲ, ಕೊಳವೆ ತಣ್ಣಗಾಗುವ ಮೊದಲೇ ಕಣ್ಣು ಮುಚ್ಚಿ ತಿಕ್ಕು ಎಂದರು. ತಿಕ್ಕಿದ, ಬಿಸಿ ಕೊಳವೆಗೆ ಅಂಗೈ ಸುಟ್ಟುಕೊಂಡ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಈ ಇಲಿ ಸುಟ್ಟ ಅಂಗೈಯನ್ನು ಮನೆಗೆ ಒಯ್ದು, ಸಾಹೇಬರು ಕೊಟ್ಟ ಪದಕವೆಂಬಂತೆ ಹೆಂಡತಿಗೆ ತೋರಿಸಿತು.

ಅಲ್ಲಿಂದಾಚೆ ಹೊಗೆಯಣ್ಣ ದಿನಾ ಗಡ್ಡ ಕೆರೆಯತೊಡಗಿದ. ಅವನ ಹೆಂಡತಿ ಬೀದಿಯಲ್ಲಿ ತಲೆಯೆತ್ತಿ ನಡೆಯತೊಡಗಿದಳು. "ಸಾಹೇಬ್ರ ಕಾರು ನಮ್ಮೋರನ್ನ ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ," ಎನ್ನುತ್ತಿದ್ದಳು. ಒಂದು ಸಲ ಗಿಳಿಗೇ ಹೇಳಿದಳು. "ಹೌದಾ ಅತ್ತಿಗೆ?" ಎಂದು ಗಿಳಿ ಕಣ್ಣರಳಿಸಿದ್ದ.

*

"ಫೋನ್ ಮಾಡ್ತಿದ್ರು ಅಂದ್ಮೇಲೆ ನಂಬರ್ ಇರ್ಬೇಕಲ್ಲ," ಎಂದ ತಂಗಿಯ ಗಂಡ. ರೈಲಿನಲ್ಲಿ ಟೀಸಿ. ಎದುರಿಗೆ ಬಂದವರನ್ನೆಲ್ಲ ಟಿಕೆಟ್ಟಿಲ್ಲದವರಂತೆಯೇ ನೋಡುವ ಅಭ್ಯಾಸ. ಹೆಣವನ್ನೂ ಹಾಗೇ ನೋಡುತ್ತಿದ್ದ. "ಭಾವನ ಫೋನ್ ಎಲ್ಲಿದೆ ಅಕ್ಕಾ? ಕೊಡಿ ಈಚೆ."

"ಈಗ್ಯಾಕೆ ಅದೆಲ್ಲ," ಗಿಳಿ ಬಾಯಿ ಹಾಕಿದ. "ವ್ಯಾನ್ ಬರೋ ಹೊತ್ತಾಯ್ತು. ಹೋದೋರ ಫೋನ್ ಮುಟ್ಬಾರ್ದು."

"ಯಾರು ಹೇಳಿದ್ದು?"

ಹೇಳಿದವರು ಯಾರೂ ಇರಲಿಲ್ಲವಾದ್ದರಿಂದ ಗಿಳಿ ಮತ್ತೆ ಉಗುರು ಉಜ್ಜತೊಡಗಿದ.

ಹೆಂಡತಿ ಎದ್ದು ಹೋಗಿ, ಗಂಡನ ಹಳೇ ಪ್ಯಾಂಟಿನ ಜೇಬಿನಿಂದಲ್ಲ, ಸಕ್ಕರೆ ಡಬ್ಬಿಯ ಪಕ್ಕದಿಂದ ಫೋನು ತಂದಳು. ಆಸ್ಪತ್ರೆಯವರು ಕೊಟ್ಟಾಗಿನಿಂದ ಅಲ್ಲಿಟ್ಟಿದ್ದಳಂತೆ. ಟೀಸಿ ಗುಂಡಿ ಒತ್ತುತ್ತಾ ಹೋದ. ಹೆಂಗಸರ ಕತ್ತುಗಳು ಅವನ ಹೆಬ್ಬೆರಳಿನತ್ತ ಬಾಗಿದವು.

"ಇಲ್ಲಿದೆ ನೋಡಿ. ಸಾಹೇಬ್ರು ಅಂತ. ಆವತ್ತೂ ಎರಡು ಸಲ ಬಂದಿದೆ." ತಲೆಯೆತ್ತಿದ. "ಮಾಡ್ಲಾ ಅಕ್ಕಾ? ಯಾರೋ ಹೆಂಗಸು ಎತ್ತಿದ್ರೆ ಆಮೇಲೆ ನನ್ನ ಬೈಬೇಡಿ."

"ಮಾಡು," ಎಂದಳು ಹೆಂಡತಿ. "ಎಲ್ರಿಗೂ ಕೇಳೋ ಹಾಗೆ ಮಾಡು."

ಸಾವಿನ ಮನೆಗೆಂದು ದನಿ ಅಡಗಿಸಿಟ್ಟಿದ್ದ ಗಿಳಿಯ ಫೋನು ಪ್ಯಾಂಟಿನ ಜೇಬಿನಲ್ಲಿ, ತೊಡೆಯ ಮೇಲೆ ಗುರ್ರೆಂದಿತು. ಆ ಸಿಮ್ಮನ್ನು ಕಿತ್ತೆಸೆಯಬೇಕೆಂದು ಮೂರು ಹೊತ್ತೂ ಅಂದುಕೊಂಡಿದ್ದ. ಟೈರಿನವನು ಅವನ ತೊಡೆ ನೋಡಿದ, ಮುಖ ನೋಡಿದ, ಆಮೇಲೆ ಅವನ ಪರಿಚಯವೇ ಇಲ್ಲದವನಂತೆ ಚಾವಣಿ ನೋಡತೊಡಗಿದ.

"ಕೈ ತೊಳ್ಕೊಂಡು ಬರ್ತೀನಿ," ಎಂದು ಗಿಳಿ ಎದ್ದ.

*

ಆ ಎರಡು ಕರೆಗಳಲ್ಲಿ ಮೊದಲನೆಯದು ಬೆಳಿಗ್ಗೆ. "ಇವತ್ತು ನಾನೇ ಬರ್ತೀನಿ. ನಿನ್ನ ಮುಖ ನೋಡ್ಬೇಕು. ಒಳ್ಳೇ ಬಟ್ಟೆ ಹಾಕ್ಕೊಂಡು ಶೆಡ್ಡಿನ ಮುಂದೆ ನಿಂತಿರು. ಏನು ತಿಳೀತು?"

ಶೆಡ್ಡಿನ ಎದುರಿನ ಮಹಡಿಯಲ್ಲಿ ಟೈರಿನವನ ಕೋಣೆ. ಇಬ್ಬರೂ ಕಿಟಕಿಯಲ್ಲಿ ಕೂತರು. ಹೊಗೆಯಣ್ಣ ಬಂದು ನಿಂತ. ತಲೆಗೆ ಬಣ್ಣ ಹಚ್ಚಿದವನಿಗೆ ಬಿಸಿಲಲ್ಲಿ ಕಿವಿಯ ಹಿಂದೆ ಕಪ್ಪು ಇಳಿಯುತ್ತಿತ್ತು. ಒರೆಸಿಕೊಳ್ಳುತ್ತಿದ್ದ, ಪ್ರತಿ ಕಪ್ಪು ಕಾರಿಗೂ ನೆಟ್ಟಗಾಗುತ್ತಿದ್ದ. ಸುಸ್ತಾಗಿ ಮರದ ನೆರಳಿಗೆ ಸರಿದಾಗ ಎರಡನೆಯ ಕರೆ.

"ನೆರಳಿಗೆ ಹೋಗ್ಬೇಡ. ಕಾರಿಂದ ಕಾಣಲ್ಲ."

ಅವನು ಬಿಸಿಲಿಗೆ ಬಂದ. ಇವರು ಗೋಡೆ ಗುದ್ದಿ ನಕ್ಕರು. ನಕ್ಕು ನಕ್ಕು ಸಾಕಾಗಿ, ಉಂಡು, ಮಲಗಿದರು. ಹೊಗೆಯಣ್ಣನನ್ನು ಮನೆಗೆ ಹೋಗು ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ. ನೆನಪಾದಾಗ ಕೆಳಗೆ ಜನ ಸೇರಿದ್ದರು.

*

ಅಡುಗೆಮನೆಯ ಹಿಂದೆ ಗೇಣಗಲದ ಹಿತ್ತಿಲು. ಬಟ್ಟೆ ಒಗೆಯುವ ಕಲ್ಲು, ತಂತಿಯ ಮೇಲೆ ಒಣಗಿದ ಶರ್ಟುಗಳು. ಗಿಳಿ ಕಲ್ಲಿನ ಹಿಂದೆ ಕುಕ್ಕರಿಸಿದ. ಫೋನನ್ನು ನಿಲ್ಲಿಸಿಬಿಡಬಹುದಿತ್ತು. ಹಾಗೆ ಮಾಡಿದರೆ ಜಡೆಯ ಮಾತು ಗಟ್ಟಿಯಾಗುತ್ತದೆ. ಆಮೇಲೆ ಟೀಸಿ ಸುಮ್ಮನಿರುವ ಪೈಕಿಯಲ್ಲ, ನಂಬರಿನ ಜಾಡು ಹಿಡಿದು ಬರುತ್ತಾನೆ. ಗಿಳಿ ಮೂಗು ಹಿಡಿದುಕೊಂಡ.

"ಹಲೋ. ಯಾರು?"

"ನೀವ್ಯಾರು ಮಾತಾಡೋದು?" ಒಳಗಿನಿಂದ ಟೀಸಿಯ ದನಿ ಗದರಿತು.

"ಫೋನ್ ಮಾಡಿದೋನು ನೀನು. ಹೆಸರು ಹೇಳ್ಬೇಕಾದೋನೂ ನೀನು. ಏನು ತಿಳೀತು?"

ಟೀಸಿ ಅರೆಕ್ಷಣದಲ್ಲಿ ಟಿಕೆಟ್ಟಿಲ್ಲದವನಾದ. "ಅದು... ಸಾರ್... ನಿಮ್ಮ ಕಾರಿನ ಕೆಲಸ ಮಾಡ್ತಿದ್ರಲ್ಲ, ಅವ್ರ ಮನೆಯಿಂದ ಸಾರ್. ಅವ್ರು ಹೋಗ್ಬಿಟ್ರು ಸಾರ್."

ಸಾಹೇಬರು ಕೆಮ್ಮಿದರು. ಮೌನವಾದರು. ಗಿಳಿಗೆ ತನ್ನ ಮೌನದ ಬಗ್ಗೆಯೇ ಮೆಚ್ಚುಗೆಯಾಯಿತು. ಆಮೇಲೆ ನಿಧಾನವಾಗಿ ಹೇಳಿದರು: ಆವತ್ತು ಬರಹೇಳಿದ್ದು ತಾನೇ, ಬರಲಾಗಲಿಲ್ಲ, ತಪ್ಪಾಯಿತು. ಒಳಗೆ ಹೆಂಗಸರು ಉಸಿರು ಬಿಟ್ಟದ್ದು ಹಿತ್ತಿಲಿಗೂ ಕೇಳಿಸಿತು. ತಂಗಿಯ ಸದ್ದಿಲ್ಲ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ಅವನು ಗಿಳಿಯೆ? "ಅಂಥ ಕೈ ಇನ್ನೊಂದಿಲ್ಲ ಕಣಯ್ಯಾ," ಎಂದು ರಾಗ ಎಳೆದ.

"ಕೊಡು ಇಲ್ಲಿ," ಎಂಬ ಹೆಂಡತಿಯ ದನಿ ಕೇಳಿಸಿತು. "ಸಾಹೇಬ್ರೇ, ನಾನು ಅವ್ರ ಮನೆಯೋಳು. ವ್ಯಾನ್ ನಿಲ್ಲಿಸ್ತೀವಿ. ಒಂದು ಸಲ ಬಂದು ಮುಖ ತೋರಿಸಿ ಹೋಗಿ."

"ಊರಲ್ಲಿಲ್ವಲ್ಲಮ್ಮಾ."

"ಹಾಗಾದ್ರೆ ಒಂದು ಮಾತು ಹೇಳಿ." ದನಿ ತಗ್ಗಿತು, ಹತ್ತಿರವಾಯಿತು. ಎಲ್ಲರೆದುರು ಕೇಳಲಾರದ್ದನ್ನು ಕೇಳಲು ಅವಳು ಅಡುಗೆಮನೆ ದಾಟಿ ಬರುತ್ತಿದ್ದಾಳೆಂದು ಗಿಳಿಗೆ ಹೊಳೆಯಲಿಲ್ಲ. "ಆವತ್ತು ಕೊನೇ ಸಲ ಮಾತಾಡಿದಾಗ ಅವ್ರು ಏನಂದ್ರು?"

"ಏನಂದ ಅಂದ್ರೆ... ನೋಡಮ್ಮಾ..."

'ನೋಡಮ್ಮಾ' ಎಂಬುದು ಎರಡು ಕಡೆಯಿಂದ ಕೇಳಿಸಿತು. ಮೊದಲು ಕಲ್ಲಿನ ಹಿಂದಿನಿಂದ, ಅದರ ಬಾಲ ಹಿಡಿದು ಅವಳ ಕೈಯ ಫೋನಿನಿಂದ. ಗಿಳಿ ತಲೆಯೆತ್ತಿದ. ಎರಡು ಬೆರಳು ಇನ್ನೂ ಮೂಗಿನ ಮೇಲಿದ್ದವು. ಅವಳು ಬಾಗಿಲಲ್ಲಿ ನಿಂತಿದ್ದಳು.

ಅವಳ ಕಣ್ಣು ಮೂಗಿನಿಂದ ಫೋನಿಗೆ, ಫೋನಿನಿಂದ ಮೂಗಿಗೆ ಓಡಾಡಿತು. ಅಷ್ಟರಲ್ಲಿ ಹಿಂದಿನ ವರ್ಷಗಳಿಗೂ ಒಂದು ಸಲ ಹೋಗಿ ಬಂದಿರಬೇಕು. ಮುಖದ ಬಣ್ಣ ಇಳಿದುಹೋಯಿತು. ಗಿಳಿ ಫೋನು ಕೆಳಗಿಳಿಸಿದ.

"ಏನಾಯ್ತು ಅತ್ತಿಗೆ?" ಒಳಗಿನಿಂದ ತಂಗಿ ಕೂಗಿದಳು. "ಕಟ್ ಮಾಡಿದ್ನಾ? ನಂಗೊತ್ತಿತ್ತು. ಯಾರಿಗೋ ಹೇಳ್ಕೊಟ್ಟು ಮಾತಾಡಿಸಿದ್ದಾಳೆ ಅಷ್ಟೇ ಆ ಜಡೆಯ ಮಾಯಗಾತಿ." ಹೆಜ್ಜೆ ಸದ್ದು ಅಡುಗೆಮನೆಯತ್ತ ಬಂತು.

ಹೆಂಡತಿ ತಿರುಗದೆ, ಬೆನ್ನಿನಿಂದಲೇ ಬಾಗಿಲು ಅರ್ಧ ಮುಚ್ಚಿ ಅದಕ್ಕೆ ಒರಗಿ ನಿಂತಳು. "ಕಟ್ ಆಗಿಲ್ಲ," ಎಂದಳು ಗಟ್ಟಿಯಾಗಿ. "ಮಾತಾಡ್ತಾ ಇದ್ದಾರೆ. ಹೇಳಿ ಸಾಹೇಬ್ರೇ."

ಗಿಳಿ ಬೇಡವೆಂದು ತಲೆಯಾಡಿಸಿದ. ಕೈಮುಗಿದ.

"ನಿಲ್ಲಿಸ್ಬೇಡಿ ಸಾಹೇಬ್ರೇ. ಎಲ್ರೂ ಕೇಳ್ತಿದ್ದಾರೆ. ನೀವು ನಗಿಸೋ ಮಾತಾಡ್ತೀರಂತಲ್ಲ, ಅವ್ರು ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಒಂದು ಹೇಳಿ."

ಹೇಳದೆ ಗತಿಯಿರಲಿಲ್ಲ. ಗಿಳಿ ಮತ್ತೆ ಮೂಗು ಹಿಡಿದ. ದನಿ ಬರಲಿಲ್ಲ, ಕೆಮ್ಮಿದ. ಆ ಕೆಮ್ಮು ಯಾರದೂ ಅಲ್ಲ, ಅವನದೇ. ಹೊಸದೊಂದು ಕಟ್ಟಲು ಹೋದರೆ ತಲೆ ಖಾಲಿ. ಸಿಕ್ಕಿದ್ದು ಹೊಗೆಯಣ್ಣ ಅಂದದ್ದೇ.

"ನಿನ್ನ ಗಂಡ... ಆವತ್ತು ಕೇಳ್ದಾ... ಸಾಹೇಬ್ರೇ, ಬಂದಾಗ ಕಾರನ್ನ ಒಂದು ಸಲ ಈ ಕಡೆ ತಿರುಗಿಸಿ ನಿಲ್ಲಿಸ್ತೀರಾ, ಇಷ್ಟು ವರ್ಷದಿಂದ ಅದರ ಹಿಂದೆ ಕೂತಿದ್ದೀನಿ, ಮುಖ ಹೇಗಿದೆ ಅಂತಾನೇ ನೋಡಿಲ್ಲ ಅಂದ. ಏನು... ಏನು ತಿಳೀತು?"

ಅವಳ ಹೊಟ್ಟೆಯಿಂದ ಏನೋ ಎದ್ದು ಬಂತು. ಅದು ಅಳುವೇ ಇರಬೇಕೆಂದು ಗಿಳಿ ಕಣ್ಣು ಮುಚ್ಚಿಕೊಂಡ. ಅವಳು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಬಾಗಿಲ ಚಿಲಕ ಅಲುಗುವಂತೆ ನಕ್ಕಳು. ಒಳಗೆ ಯಾರೋ ಹೆಂಗಸು ಕಿಸಕ್ಕೆಂದಳು, ಟೀಸಿ "ಒಳ್ಳೇ ಸಾಹೇಬ್ರಪ್ಪಾ" ಎನ್ನುತ್ತ ಹಲ್ಲುಬಿಟ್ಟ, ಕೊನೆಗೆ ಟೈರಿನವನ ಹೆದರಿದ ನಗುವೂ ಸೇರಿಕೊಂಡಿತು. ಬಾಗಿಲಾಚೆ ತಂಗಿಯ ಹೆಜ್ಜೆ ನಿಂತುಹೋಯಿತು. ಎಲ್ಲರ ನಗುವನ್ನೂ ಮೀರಿ ಕೇಳುತ್ತಿದ್ದದ್ದು ಇವಳದೇ.

ನಗುತ್ತಲೇ ಬಗ್ಗಿ, ಗಿಳಿಯ ಕೈಯಿಂದ ಜಾರುತ್ತಿದ್ದ ಫೋನನ್ನು ಎತ್ತಿ ಅವನ ಬಾಯಿಗೆ, ಹಲ್ಲು ತಾಗುವಷ್ಟು, ಒತ್ತಿ ಹಿಡಿದಳು.

"ಇನ್ನೊಂದು ಹೇಳಿ ಸಾಹೇಬ್ರೇ."