ಮುಗಿಸುವ ಮಾತು

ಹೆಡ್‌ಮಾಸ್ಟರ್ ಓಂಕಾರೇಶ್ ಮೇಜಿನ ಕೆಳಗಿಂದ ಚೀಟಿ ದಾಟಿಸಿದರು. ‘ದಯವಿಟ್ಟು ಬೇಗ ಮುಗಿಸಿ’ ಎಂದಷ್ಟೇ ಇತ್ತು. ಶಾಲೆಯ ಸಮಾರಂಭಗಳಲ್ಲಿ ಉದ್ದುದ್ದ ಮಾತಾಡುವವರಿಗೆ ಇಂಥ ಚೀಟಿ ಕೊಡುವುದು ನಿರೂಪಕಿ ಸುಮನಾಳ ಕೆಲಸ. ಆದರೆ ಇವತ್ತು ಮೈಕಿನ ಮುಂದೆ ನಿಂತಿದ್ದವರು ಅವಳ ಅಪ್ಪ.

ಅಡುಗೆಯ ತೀರ್ಥಮ್ಮನ ಬೀಳ್ಕೊಡುಗೆಗೆ ಹಳೆಯ ಹೆಡ್‌ಮಾಸ್ಟರ್ ಆದ ಅವಳ ಅಪ್ಪ ಶಿವಮೂರ್ತಪ್ಪನವರನ್ನು ಸಿಂಗಟಗೆರೆಯಿಂದ ಕರೆಸಲೇಬೇಕೆಂದು ಎಲ್ಲರೂ ಹಟ ಹಿಡಿದಿದ್ದರು. ಬೇಡವೆಂದರೆ ಸುಮನಾ ಕಾರಣ ಹೇಳಬೇಕಾಗುತ್ತಿತ್ತು. ಅಪ್ಪ ಹೇಳಿದ್ದನ್ನೇ ಹೇಳುವುದು, ಮಾತಿನ ನಡುವೆ ದಾರಿ ತಪ್ಪುವುದು ಮನೆಯಲ್ಲಿ ಶುರುವಾಗಿ ಕೆಲವು ತಿಂಗಳಾಗಿತ್ತು. ಡಾಕ್ಟರ ಬಳಿಯಿಂದ ಬರುವಾಗ ಬಸ್ಸಿನಲ್ಲಿ ಅಪ್ಪ, “ಇದು ಯಾರ್ಗೂ ಗೊತ್ತಾಗೋದ್ ಬ್ಯಾಡ ಕಣೇ” ಎಂದಿದ್ದರು. ಆಮೇಲೆ ಊರು ಬರುವವರೆಗೂ ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು.

“ಅವತ್ತು ಗಾಳಿಗೆ ಅಡುಗೆಮನೆ ಶೀಟು ಹಾರೋಯ್ತು. ಈ ತಾಯಿ ಒಲೆ ಆರಕ್ಕೆ ಬಿಡ್ಲಿಲ್ಲ...”

ಮೊದಲ ಸಲ ಮಕ್ಕಳು ನಕ್ಕಿದ್ದರು. ಶೀಟು ಈಗ ಮೂರನೆಯ ಸಲ ಹಾರುತ್ತಿತ್ತು. ಹಿಂದಿನ ಸಾಲಿನಲ್ಲಿ ಚಪ್ಪಾಳೆ ಶುರುವಾಯಿತು, ಸಾಕು ನಿಲ್ಲಿಸಿ ಎನ್ನುವ ಚಪ್ಪಾಳೆ. ಶಿವಮೂರ್ತಪ್ಪ ಸಂತೋಷದಿಂದ ಕೈಮುಗಿದು, ಮತ್ತೆ ಗಾಳಿಯಿಂದ ಆರಂಭಿಸಿದರು.

ಬೆಳಿಗ್ಗೆಯಷ್ಟೇ ಸುಮನಾ ಒಂಬತ್ತನೇ ತರಗತಿಗೆ, ಬೇಸರ ಬರುವಷ್ಟು ಮಾತಾಡುವುದಕ್ಕೆ ಇಂಗ್ಲಿಷಿನಲ್ಲಿರುವ ಮಾತುಗಳನ್ನು ಕಲಿಸಿದ್ದಳು. ಒಂದೇ ರಾಗದಲ್ಲಿ ಎಳೆದರೆ ಡ್ರೋನ್ ಆನ್, ವಿಷಯ ಬಿಟ್ಟು ಅಲೆದಾಡಿದರೆ ರ‍್ಯಾಂಬಲ್, ನಿಲ್ಲಿಸದೇ ಇದ್ದರೆ ಗೋ ಆನ್ ಅಂಡ್ ಆನ್. ಉದಾಹರಣೆ ಕೇಳಿದಾಗ ಮಕ್ಕಳು ತಂತಮ್ಮ ಅಜ್ಜಂದಿರನ್ನೆಲ್ಲ ಎಳೆದು ತಂದಿದ್ದರು. ಅವಳೂ ನಕ್ಕಿದ್ದಳು. ಈಗ ಪಕ್ಕದಲ್ಲಿ ಹಾರದ ತಟ್ಟೆ ಹಿಡಿದು ನಿಂತಿದ್ದ ಅದೇ ತರಗತಿಯ ಧನ್ಯಶ್ರೀಗೆ, ಭಾಷಣ ಮಾಡುತ್ತಿರುವವರು ಮಿಸ್ಸಿನ ಅಪ್ಪನೆಂದು ಗೊತ್ತಿರಲಿಲ್ಲ.

“ಮಿಸ್, ಇದು ರ‍್ಯಾಂಬಲ್ಲಾ, ಡ್ರೋನ್ ಆನಾ?”

ಸುಮನಾ ಮೈಕಿನತ್ತ ನೋಡಿದಳು. ಅಪ್ಪನ ಎಡಗೈ ಮೇಜಿನ ಅಂಚನ್ನು ತಡಕುತ್ತಿತ್ತು, ಕರೆಂಟು ಹೋದಾಗ ಬಾಗಿಲ ಚಿಲಕ ಹುಡುಕುವ ಹಾಗೆ. ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು, ನೀರಿನ ಲೋಟ ಹಿಡಿದು ಹೋದಳು. ಕೊಡುವ ನೆಪದಲ್ಲಿ ಬಗ್ಗಿ, ಅವರು ಪ್ರತಿ ಭಾಷಣದ ಕೊನೆಗೆ ಹೇಳುತ್ತಿದ್ದ ಮಾತನ್ನು ಮೈಕಿಗೆ ಕೇಳದಷ್ಟು ಸಣ್ಣಗೆ ಹೇಳಿದಳು.

ಅಪ್ಪನ ಮುಖ ತಿಳಿಯಾಯಿತು. “ನಿಮ್ ಹಸಿವಿಗೂ ನನ್ ಮಾತಿಗೂ ಜಗಳ ಬೇಡ. ನಮಸ್ಕಾರ.”

ಈ ಸಲದ ಚಪ್ಪಾಳೆ ಬೇರೆ ಥರ ಇತ್ತು.

ಊಟಕ್ಕೆ ಕೂತಾಗ ತೀರ್ಥಮ್ಮ ಯಾರ ಮಾತೂ ಕೇಳದೆ ತಾನೇ ಬಡಿಸಲು ನಿಂತಿದ್ದಳು. ಸಾರಿನ ಬಕೆಟ್ಟು ಹತ್ತಿರ ಬಂದಾಗ ಶಿವಮೂರ್ತಪ್ಪ ಮಗಳತ್ತ ವಾಲಿದರು.

“ನನ್ನ ಯಾವಾಗ ಕರೀತಾರೆ, ಮಾತಾಡಕ್ಕೆ?”

ಸುಮನಾ ಸುತ್ತ ನೋಡಿದಳು. ಓಂಕಾರೇಶ್ ಅದೇ ಸಾಲಿನಲ್ಲಿದ್ದರು. ತೀರ್ಥಮ್ಮನ ಸೌಟು ಎಲೆಯ ಮೇಲೆ ಒಂದು ಗಳಿಗೆ ನಿಂತಿತು.

“ಮೊದ್ಲು ಉಣ್ಣಿ ಸಾ. ಆಮೇಲೆ ಕರೀತಾರೆ.”

ಅನ್ನಕ್ಕೆ ಸಾರು ಬಿಟ್ಟಳು. ಮುಂದಿನ ಎಲೆಗೆ ಹೋಗದೆ, ಬಕೆಟ್ಟನ್ನು ನೆಲಕ್ಕಿಟ್ಟು, ಉಳಿದವರಿಗೆ ಅವರು ಕಾಣದ ಹಾಗೆ ಸೆರಗು ಹರವಿಕೊಂಡು ನಿಂತಳು.