ಎಡ ಹೆಗಲಿನ ಬ್ಯಾಗು

ಲೈಟಮ್ಮ ಮಂಚದ ಕೆಳಗೆ ಅರ್ಧ ಮೈ ತೂರಿಸಿ, ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುತ್ತಿದ್ದಳು. ಬ್ಯಾಗು ಗೇಣುದ್ದ ಸರಿದು ಮಂಚದ ಕಾಲಿಗೆ ಸಿಕ್ಕಿಕೊಂಡಿತು. ಮಂಡಿಯ ನೋವು ಸೊಂಟದವರೆಗೂ ಹತ್ತಿತು. ಹಾಗೇ ಕೂತು ಉಸಿರು ತೆಗೆದುಕೊಂಡಳು.

"ಅಮ್ಮಾ, ಇಲ್ಲೇನು ಮಾಡ್ತಿದೀಯ? ಹೊರಗೆ ಎಲ್ಲರೂ ನಿನ್ನನ್ನೇ ಕೇಳ್ತಿದಾರೆ." ಬಾಗಿಲಲ್ಲಿ ಮಗಳು ನಿಂತಿದ್ದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಕ್ಯಾಮೆರಾ ತೆಗೀತಿದೀನಿ. ಇನ್ನೇನು ನಿಮ್ಮಪ್ಪನ್ನ ಎತ್ತಿಬಿಡ್ತಾರೆ. ಕೊನೇ ಫೋಟೋ ಆಗ್ಬೇಡ್ವಾ?"

"ಫೋನಲ್ಲಿ ತೆಗೆದ್ರಾಯ್ತು ಬಿಡಮ್ಮ."

"ಫೋನಲ್ಲಾ?" ಲೈಟಮ್ಮ ತಿರುಗಿ ನೋಡಿದಳು. "ಈ ಊರಲ್ಲಿ ಸತ್ತವರ ಮನೆಗೆಲ್ಲ ದೊಡ್ಡ ಕ್ಯಾಮೆರಾ ಹೊತ್ಕೊಂಡು ಹೋದ ಮನುಷ್ಯ ಅವರು. ಅವರಿಗೆ ಫೋನಲ್ಲಾ? ಬಾ, ಆ ಕಡೆ ಹಿಡಿ."

ಅವಳ ಗಂಡ ಊರಿನ ಫೋಟೋಗ್ರಾಫರು. ಮದುವೆ, ನಾಮಕರಣ, ಶಾಲೆಯ ಗುಂಪು ಫೋಟೋ, ಎಲ್ಲಕ್ಕೂ ಅವನೇ. ಹಾಗೆಯೇ ಯಾರದೇ ಮನೆಯಲ್ಲಿ ಸಾವಾದರೂ ಎತ್ತುವ ಮುಂಚೆ ಅವನಿಗೆ ಕರೆ ಬರುತ್ತಿತ್ತು. ಮನೆಯವರನ್ನೆಲ್ಲ ಹೆಣದ ಸುತ್ತ ನಿಲ್ಲಿಸಿ ಒಂದು ಫೋಟೋ ತೆಗೆಯುತ್ತಿದ್ದ. ಒಂದೇ. ಅದಕ್ಕೆ ಎಂದೂ ದುಡ್ಡು ಮುಟ್ಟಿದವನಲ್ಲ. ಆಗೆಲ್ಲ ಪಕ್ಕದಲ್ಲಿ ಲೈಟು ಎತ್ತಿ ಹಿಡಿದು ನಿಂತಿರುತ್ತಿದ್ದವಳು ಹೆಂಡತಿ. ಹಾಗಾಗಿಯೇ ಊರಿಗೆಲ್ಲ ಅವಳು ಲೈಟಮ್ಮ. ಹೆತ್ತವರು ಇಟ್ಟ ಹೆಸರು ಅವಳಿಗೇ ಅಪರೂಪವಾಗಿಹೋಗಿತ್ತು.

ಅವನು ನಿನ್ನೆ ಮಧ್ಯಾಹ್ನ ಗೆಳೆಯನ ಫ್ರೇಮಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಗೋಡೆಗೊರಗಿ ಕಣ್ಣು ಮುಚ್ಚಿದ. ನಿದ್ದೆ ಇರಬೇಕೆಂದು ಗೆಳೆಯ ಸದ್ದಾಗದಂತೆ ಗಾಜು ಕತ್ತರಿಸುತ್ತ ಕೂತನಂತೆ. ಆಸ್ಪತ್ರೆಯಿಂದ ಅವನನ್ನು ಮನೆಗೆ ತಂದಾಗ ಬ್ಯಾಗೂ ಜೊತೆಗೇ ಬಂತು. ಯಾರೋ ಕಾಲಿಗೆ ಅಡ್ಡವೆಂದು ಮಂಚದ ಕೆಳಗೆ ತಳ್ಳಿದ್ದರು.

ನಡುಮನೆಯಿಂದ ನಾದಿನಿಯ ದನಿ ಕೇಳಿತು. "ಅತ್ತಿಗೇ, ಗಾಡಿಯವನು ಅವಸರ ಮಾಡ್ತಿದಾನೆ. ಬನ್ನಿ, ಬೇಗ." ಆಮೇಲೆ ಪಕ್ಕದಲ್ಲಿದ್ದ ಯಾರಿಗೋ, "ನಮ್ಮಣ್ಣ ಇಷ್ಟು ಹೊತ್ತು ಒಂದು ಕಡೆ ಸುಮ್ನೆ ಇದ್ದಿದ್ದು ಇವತ್ತೇ ನೋಡಿ. ನನ್ನ ಮದುವೇಲಿ ಅಷ್ಟು ಓಡಾಡಿ, ಕೊನೇಗೆ ನಾನು ಕಣ್ಣು ಮುಚ್ಚಿರೋ ಫೋಟೋನೇ ಆಲ್ಬಮ್ಮಿಗೆ ಹಾಕಿದ. ಕೇಳಿದ್ರೆ, ನೀನು ಬಾಯಿ ಮುಚ್ಚಿರೋದು ಅದೊಂದರಲ್ಲೇ ಕಣೇ ಅಂದ." ನಗಲು ಹೋದವಳ ದನಿ ಒಡೆದು ಅಳುವಾಯಿತು.

*

ಆ ದೊಡ್ಡ ಕ್ಯಾಮೆರಾ ಕೊಂಡ ದಿನ ಲೈಟಮ್ಮ ಜೊತೆಗಿದ್ದಳು. ಹಳೆಯದು ಕೈಕೊಟ್ಟಿತ್ತು. ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡನ್ನು ಅಕ್ಕಪಕ್ಕ ಇಟ್ಟ. ಒಂದು ಕಪ್ಪಗೆ, ದಪ್ಪಗೆ, ಮುಂದಕ್ಕೆ ಲೋಟದಷ್ಟು ಉದ್ದದ ಲೆನ್ಸು ಚಾಚಿಕೊಂಡು ಯಜಮಾನನ ಹಾಗೆ ಕೂತಿತ್ತು. ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಿತ್ತು.

"ಸೋಪಿನ ಡಬ್ಬಿ ಇದ್ದ ಹಾಗಿದೆ," ಎಂದು ಅವಳು ನಕ್ಕಳು.

"ನಗಬೇಡಿ ಅಮ್ಮ," ಎಂದ ಅಂಗಡಿಯವನು. "ಫೋಟೋ ವಿಷಯಕ್ಕೆ ಬಂದ್ರೆ ಇದು ಅದಕ್ಕಿಂತ ಏನೂ ಕಮ್ಮಿ ಇಲ್ಲ. ತೂಕ ಇಲ್ಲ, ಕತ್ತು ನೋಯಲ್ಲ. ಕೈ ನಡುಗಿದ್ರೂ ಫೋಟೋ ನಡುಗಲ್ಲ. ಇನ್ನೊಂದು ಹೇಳ್ತೀನಿ ಕೇಳಿ ಸಾರ್, ಇದಕ್ಕೆ ಲೈಟೇ ಬೇಡ. ಮೇಣದ ಬತ್ತಿ ಬೆಳಕಲ್ಲೂ ತೆಗೀಬಹುದು. ಸ್ಟ್ಯಾಂಡು, ಲೈಟು, ಲೈಟು ಹಿಡಿಯೋರು, ಯಾವ ಗೋಜೂ ಇಲ್ಲ."

ಅವನು ಆ ಪುಟ್ಟದನ್ನು ಎತ್ತಿ ತೂಗಿ ನೋಡಿದ. ಅವನಿಗೆ ಆಗಲೇ ಕತ್ತು ನೋವಿತ್ತು. ಮುಖದಲ್ಲಿ ಆಸೆ ಕಾಣುತ್ತಿತ್ತು. ಕಣ್ಣಿಗಿಟ್ಟು ಹೆಂಡತಿಯತ್ತ ತಿರುಗಿಸಿದ. ಅಷ್ಟರಲ್ಲಿ ಅವಳ ನಗು ನಿಂತುಹೋಗಿತ್ತು. ಕೈಚೀಲದ ಹಿಡಿಯನ್ನು ತಿರುಚುತ್ತ ನಿಂತಿದ್ದಳು.

"ಈ ಡಬ್ಬಿ ತಗೊಂಡ್ರೆ ನನ್ನನ್ನೇನು ಮಾಡ್ತೀರಿ? ಮನೇಲಿ ಗೋಡೆಗೆ ಮೊಳೆ ಹೊಡೆದು ತೂಗುಹಾಕ್ತೀರಾ?" ತಮಾಷೆಯೆಂದೇ ಹೊರಟ ಮಾತು, ಹಾಗೆ ಕೇಳಿಸಲಿಲ್ಲ.

ಅವನು ಸ್ವಲ್ಪ ಹೊತ್ತು ಕ್ಯಾಮೆರಾದ ಹಿಂದಿನಿಂದಲೇ ಅವಳನ್ನು ನೋಡಿದ. ಆಮೇಲೆ ಅದನ್ನು ಮೇಜಿನ ಮೇಲಿಟ್ಟ. "ದೊಡ್ಡದೇ ಕೊಡಿ. ಮದುವೆ ಮನೆ ಬಾಗಿಲಲ್ಲಿ ಇದನ್ನ ಹಿಡ್ಕೊಂಡು ನಿಂತ್ರೆ, ಕರೀದೇ ಊಟಕ್ಕೆ ಬಂದೋನು ಅಂತ ಆಚೆಗಟ್ತಾರೆ."

ಅಂಗಡಿಯವನೂ ನಕ್ಕ. ಆ ಮಾತು ಸುಳ್ಳೂ ಆಗಿರಲಿಲ್ಲ. ದೊಡ್ಡ ಬ್ಯಾಗು ಎಡ ಹೆಗಲಿಗೆ ಹಾಕಿಕೊಂಡು ಅವನು ಬಂದನೆಂದರೆ ಎಂಥ ಗುಂಪಿನಲ್ಲೂ ಯಾರೋ ಕೂಗುತ್ತಿದ್ದರು, "ದಾರಿ ಬಿಡಿ, ದಾರಿ ಬಿಡಿ, ಫೋಟೋದವರು ಬಂದ್ರು." ಜನ ಎರಡು ಪಾಲಾಗುತ್ತಿದ್ದರು. ನಡುವೆ ಅವನು, ಹಿಂದೆ ಲೈಟು ಹಿಡಿದ ಅವಳು.

ಬಯಲಲ್ಲಿ ಫೋಟೋ ತೆಗೆಯುವಾಗ ಎರಡನೇ ಲೈಟಿನ ಸ್ಟ್ಯಾಂಡು ಗಾಳಿಗೆ ಬೀಳುತ್ತಿತ್ತು. ಅದರ ಕಾಲಿಗೆ ಭಾರವಿಡಲು ಅವನ ಹಳೆಯ ಪ್ಯಾಂಟುಗಳ ಕಾಲು ಕತ್ತರಿಸಿ ಅವಳೇ ಮರಳಿನ ಚೀಲ ಹೊಲಿದುಕೊಟ್ಟಳು. "ಆ ಕಡೆ ಮರಳಿನ ಚೀಲ, ಈ ಕಡೆ ನೀನು. ಎರಡೂ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ," ಎಂದು ಅವನು ರೇಗಿಸುತ್ತಿದ್ದ.

*

ತಾಯಿ ಮಗಳು ಸೇರಿ ಬ್ಯಾಗನ್ನು ನಡುಮನೆಗೆ ತಂದರು. ಕುರ್ಚಿಗಳನ್ನು ಗೋಡೆಗೆ ಸರಿಸಿದ್ದರು. ನಡುವೆ ಅವನು ಬಿಳಿ ಹೊದಿಕೆಯಲ್ಲಿ ಮಲಗಿದ್ದ. ಎಡ ಹೆಗಲು ಬಲಕ್ಕಿಂತ ಚೂರು ತಗ್ಗಿತ್ತು. ಯಾರೋ ಅದರ ಕೆಳಗೆ ಬಟ್ಟೆ ಮಡಿಸಿಟ್ಟು ಸರಿಮಾಡಲು ನೋಡಿದ್ದರು.

ಬಾಗಿಲ ಬಳಿ ನಿಂತಿದ್ದ ಫ್ರೇಮಿನವನು ಬ್ಯಾಗು ಕಂಡದ್ದೇ ಒಳಗೆ ಬಂದ. "ಅಕ್ಕಾ, ಅದ್ಯಾಕೆ ಈಗ? ಇರಲಿ ಬಿಡಿ. ನಮ್ಮ ಅಂಗಡಿ ಪಕ್ಕದ ಸ್ಟುಡಿಯೋದವನನ್ನ ಕರೀತೀನಿ."

"ಯಾರೂ ಬೇಡಪ್ಪ. ಇವಳಿಗೆ ಅವರೇ ಕಲಿಸಿದಾರೆ, ಇವಳು ತೆಗೀತಾಳೆ. ನಾನು ಲೈಟು ಹಿಡೀತೀನಿ."

"ಅಕ್ಕಾ, ನನ್ನ ಮಾತು ಕೇಳಿ. ಬ್ಯಾಗು ತೆಗೀಬೇಡಿ."

"ಅದೇನು, ಹಾವಿದೆಯಾ ಅದರಲ್ಲಿ?" ಎಂದಳು ನಾದಿನಿ.

ಲೈಟಮ್ಮ ಬ್ಯಾಗಿನ ಜಿಪ್ಪಿಗೆ ಕೈಯಿಟ್ಟು ತಡೆದಳು. ಬ್ಯಾಗಿಗೆ ಅವನು, ಲೈಟಿಗೆ ಅವಳು, ಅದು ಅವರಿಬ್ಬರಲ್ಲಿ ಮೊದಲಿಂದ ಬಂದ ಕಟ್ಟಳೆ. ಲೆನ್ಸಿಗೆ ಧೂಳು ಕೂರುತ್ತದೆಂದು ಅವಳೆಂದೂ ಅದನ್ನು ತೆರೆದವಳಲ್ಲ.

*

ಮಂಡಿ ಕೈಕೊಟ್ಟ ಮೇಲೆ ಅವಳು ಕೆಲಸಕ್ಕೆ ಹೋಗುವುದು ನಿಂತಿತು. ಮೊದಲ ಸಲ ಅವನೊಬ್ಬನೇ ಹೊರಟಾಗ ಕಿಟಕಿಯಲ್ಲಿ ನಿಂತು ತಿರುವಿನವರೆಗೂ ನೋಡಿದ್ದಳು. ಸಂಜೆ ಅವನು ಬಂದಾಗ ಬಾಗಿಲಲ್ಲೇ ಬ್ಯಾಗು ಇಳಿಸಿಕೊಂಡಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಅಷ್ಟಾದರೂ ತನ್ನ ಪಾಲಿಗಿರಲಿ ಎಂದು ಕಾಯುತ್ತಿದ್ದಳು.

"ಲೈಟು ಯಾರು ಹಿಡಿದ್ರು ಇವತ್ತು?" ಎಂದು ಕೇಳುವಳು.

"ಹೆಣ್ಣಿನ ಚಿಕ್ಕಪ್ಪನ ಮಗ ಒಬ್ಬ. ಲೈಟು ಹಿಡಿ ಅಂದ್ರೆ ಕೊಡೆ ಹಿಡಿದ ಹಾಗೆ ಹಿಡೀತಾನೆ. ಮೂಗಿನ ನೆರಳು ಕೆನ್ನೆ ಮೇಲೆಲ್ಲ ಬಿತ್ತು. ನೀನಿಲ್ದೆ ನನ್ನ ಕತೆ ಮುಗೀತು ಬಿಡು."

ಅವಳಿಗೆ ಅದನ್ನು ಕೇಳಿದರೆ ಹೊಟ್ಟೆ ತುಂಬುತ್ತಿತ್ತು. ಮುಂದಿನ ಸಲ ಇನ್ನೊಬ್ಬ. ಅವನು ಲೈಟು ಹಿಡಿದೇ ನಿದ್ದೆ ಹೋದನಂತೆ. ಮತ್ತೊಬ್ಬ ಊಟದ ಗಂಟೆ ಕೇಳಿದ ಕೂಡಲೇ ಲೈಟನ್ನು ಮದುಮಗನ ಕೈಗೇ ಕೊಟ್ಟು ಓಡಿದನಂತೆ. ಅವಳು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ನಗುತ್ತಲೇ ಅವನ ಎಡ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಈಚೆಗೆ ನೋವು ಹೆಚ್ಚಾಗಿತ್ತು. ಹೆಗಲಿಂದ ಇಳಿದು ತೋಳಿಗೂ ಬರುತ್ತಿತ್ತು. ಅವಳ ಕೈಗೂ ಆ ಬ್ಯಾಗು ವಾರದಿಂದ ವಾರಕ್ಕೆ ಭಾರವಾದಂತೆ ತೋರುತ್ತಿತ್ತು.

"ಕೇಳಿ, ಅವತ್ತು ನೋಡಿದ್ವಲ್ಲ, ಆ ಸೋಪಿನ ಡಬ್ಬಿ. ಅದನ್ನೇ ತಗೊಳ್ಳಿ. ನಾನೇನೂ ಅನ್ಕೊಳ್ಳಲ್ಲ. ಈ ಭಾರ ಬೇಡ ನಿಮಗೆ."

ಅವನು ತಿರುಗಲಿಲ್ಲ. ಅವಳ ಬೆರಳು ಹೆಗಲ ಮೇಲಿದ್ದಂತೆಯೇ ಅವನ ಮೈ ಬಿಗಿಯಾಯಿತು. "ಆ ಡಬ್ಬಿನಾ? ನಾನಾ? ನಿನ್ನ ಮಂಡಿ ಸರಿಹೋಗ್ಲಿ, ಮತ್ತೆ ಒಟ್ಟಿಗೇ ಹೋಗೋಣ. ತಿಕ್ಕು, ತಿಕ್ಕು."

"ಡಾಕ್ಟರಿಗಾದ್ರೂ ತೋರಿಸಿ."

"ಬ್ಯಾಗಿನ ನೋವಿಗೆ ಡಾಕ್ಟರಾ? ನಗ್ತಾರೆ."

ಹೌದಲ್ಲ, ಬ್ಯಾಗಿನ ನೋವು ಎಂದು ಅವಳೂ ತಿಕ್ಕಿದಳು.

ನಿನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದರು, ಎಡ ಹೆಗಲು, ತೋಳು ನೋವು ಅಂತ ಹೇಳ್ತಿದ್ರಾ ಎಂದು. "ಹೇಳ್ತಿದ್ರು. ಕ್ಯಾಮೆರಾ ಭಾರಕ್ಕೆ," ಎಂದಳು ಲೈಟಮ್ಮ. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

*

ಜಿಪ್ಪು ಎಳೆದಳು. ಒಳಗೆ ಕಪ್ಪು ಕ್ಯಾಮೆರಾ ಇರಲಿಲ್ಲ. ಉದ್ದ ಲೆನ್ಸೂ ಇರಲಿಲ್ಲ. ಬೂದು ಬಣ್ಣದ ಪ್ಯಾಂಟಿನ ಎರಡು ತುಂಡು ಕಾಲುಗಳು ಒತ್ತಾಗಿ ಕೂತಿದ್ದವು. ಎರಡೂ ತುದಿಗೆ ಅವಳದೇ ಜೋಡಿ ಹೊಲಿಗೆ. ಬೆರಳಿಟ್ಟು ಒತ್ತಿದಳು. ಒಳಗೆ ಮರಳು ಕರಕರ ಎಂದಿತು. ಚೀಲಗಳ ನಡುವೆ, ಲೆನ್ಸು ಒರೆಸುವ ಹಳದಿ ಬಟ್ಟೆಯಲ್ಲಿ ಸುತ್ತಿ, ಒಂದು ಪುಟ್ಟ ಕ್ಯಾಮೆರಾ.

"ಅಯ್ಯೋ, ನಮ್ಮಣ್ಣ ಕತ್ತೆ ಹಾಗೆ ಮರಳು ಹೊತ್ಕೊಂಡು ತಿರುಗ್ತಿದ್ನಾ!" ನಾದಿನಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಲೈಟಮ್ಮ ಫ್ರೇಮಿನವನನ್ನು ನೋಡಿದಳು.

"ಕೈ ನಡುಗೋಕೆ ಶುರುವಾಗಿತ್ತು ಅಕ್ಕ," ಎಂದ ಅವನು ನೆಲ ನೋಡುತ್ತ. "ದೊಡ್ಡದರಲ್ಲಿ ತೆಗೆದಿದ್ದೆಲ್ಲ ಅಲುಗಾಡಿ ಬರ್ತಿತ್ತು. ನೀವು ಹೋಗೋದು ಬಿಟ್ರಲ್ಲ, ಆಮೇಲೆ. ಅದನ್ನ ಕೊಟ್ಟು ಇದನ್ನ ತಗೊಂಡ."

"ಮತ್ತೆ ಈ ಮರಳು?"

"ಬಾಗಿಲಲ್ಲಿ ಬ್ಯಾಗು ಇಳಿಸ್ಕೊಳ್ಳೋರು ನೀವಲ್ವಾ. ಹಗುರ ಇದ್ರೆ ನಿಮಗೆ ಗೊತ್ತಾಗ್ತಿತ್ತು. ನಾನೂ ಬೈದೆ, ಹೇಳಿಬಿಡೋ ಅಂತ. ಹೇಳಿದ್ರೆ ಲೈಟಿನ ಮಾತು ಬರುತ್ತೆ ಕಣೋ ಅಂದ. ಅಷ್ಟೇ. ಆಮೇಲೆ ನಾನು ಆ ಮಾತು ಎತ್ಲಿಲ್ಲ."

"ಹಾಗಾದ್ರೆ ಲೈಟು ಯಾರು ಹಿಡೀತಿದ್ರು?"

ಅವನು ಬಗ್ಗಿ ಬ್ಯಾಗಿನ ಪಟ್ಟಿಯನ್ನು ನೇರಮಾಡಿದ.

"ಕೊಡೆ ಹಿಡಿದ ಹಾಗೆ ಹಿಡೀತಿದ್ನಂತಲ್ಲ, ಆ ಹೆಣ್ಣಿನ ಚಿಕ್ಕಪ್ಪನ ಮಗ? ನಿದ್ದೆ ಹೋದವನು? ಮದುಮಗನ ಕೈಗೆ ಲೈಟು ಕೊಟ್ಟು ಊಟಕ್ಕೆ ಓಡಿದವನು?"

"ಯಾರೂ ಇಲ್ಲ ಅಕ್ಕ," ಎಂದ ಫ್ರೇಮಿನವನು. "ಲೈಟು ನಮ್ಮ ಅಂಗಡೀಲೇ ಇರ್ತಿತ್ತು. ಇದಕ್ಕೆ ಲೈಟು ಬೇಕಾಗಲ್ಲ."

ಹೊರಗೆ ಗಾಡಿಯವನು ಹಾರ್ನು ಮಾಡಿದ. ಯಾರೋ ಹೋಗಿ ಅವನನ್ನು ಗದರಿದರು.

ಮಗಳು ಹಳದಿ ಬಟ್ಟೆ ಬಿಚ್ಚಿ ಕ್ಯಾಮೆರಾ ಕೈಗೆತ್ತಿಕೊಂಡಳು. "ಅಮ್ಮಾ, ಇದರಲ್ಲೇ ತೆಗೀತೀನಿ. ಅಪ್ಪಂದೇ ತಾನೆ ಇದೂ. ನೀನು ಅಲ್ಲಿ ನಿಂತ್ಕೋ, ಅಪ್ಪನ ತಲೆ ಹತ್ತಿರ."

ಎಲ್ಲರೂ ಬಂದು ಸುತ್ತ ನಿಂತರು. ಲೈಟಮ್ಮ ಅವನ ತಲೆಯ ಬಳಿ ಹೋದಳು. ಫೋಟೋದ ಒಳಗೆ ನಿಂತು ಅವಳಿಗೆ ಅಭ್ಯಾಸವಿರಲಿಲ್ಲ. ಕಿಟಕಿಯ ಬೆಳಕು ಒಂದೇ ಬದಿಯಿಂದ ಬಿದ್ದು ಅವನ ಮೂಗಿನ ನೆರಳು ಕೆನ್ನೆಯ ಮೇಲೆ ಕಪ್ಪಗೆ ಚಾಚಿತ್ತು. ಅದನ್ನು ಕಂಡದ್ದೇ ಅವಳ ಬಲಗೈ ತಾನಾಗಿ ಮೇಲೆದ್ದಿತು. ಹಿಡಿಯಲು ಏನೂ ಇರಲಿಲ್ಲ. ಗಾಳಿಯಲ್ಲಿ ಬೆರಳು ಮಡಿಸಿಕೊಂಡು ಹಾಗೇ ನಿಂತಳು.

"ಕೈ ಇಳಿಸಿ ಅತ್ತಿಗೆ," ಎಂದು ನಾದಿನಿ ಪಿಸುಗುಟ್ಟಿದಳು.

"ನೆರಳು," ಎಂದಳು ಲೈಟಮ್ಮ. "ನೆರಳು ಬೀಳ್ತಿದೆ ನೋಡು ಅವರ ಮುಖದ ಮೇಲೆ."

ಮಗಳು ಕ್ಯಾಮೆರಾ ಕೆಳಗಿಳಿಸಿದಳು.

"ತೆಗಿಯೇ," ಎಂದಳು ತಾಯಿ.

"ತೆಗೆದೆನಮ್ಮ. ಆಯ್ತು."

"ಸದ್ದೇ ಬರ್ಲಿಲ್ವಲ್ಲೇ?"

ಎತ್ತುವವರು ಮುಂದೆ ಬಂದರು.

ಗಾಡಿ ನಿಧಾನವಾಗಿ ಹೊರಟಿತು. ಜನ ಅದರ ಹಿಂದೆ ನಡೆದರು. ಮಗಳು ತಿರುಗಿ ನೋಡಿದರೆ ತಾಯಿ ಇರಲಿಲ್ಲ. ಅವಳು ಮತ್ತೆ ಮನೆಯೊಳಗೆ ಹೋಗಿದ್ದಳು. ಹೊರಗೆ ಬಂದಾಗ ಬ್ಯಾಗು ಅವಳ ಎಡ ಹೆಗಲ ಮೇಲಿತ್ತು. ಜಿಪ್ಪನ್ನು ಪೂರ್ತಿ ಎಳೆದಿದ್ದಳು.

"ಅಮ್ಮಾ, ಬರೀ ಮರಳಮ್ಮ ಅದು. ಇಳಿಸು. ನಿನ್ನ ಮಂಡಿ..."

"ನಡಿ ನೀನು."

"ಕೊಡು, ನಾನಾದ್ರೂ ಹೊತ್ಕೊಳ್ತೀನಿ."

ಲೈಟಮ್ಮ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಪಟ್ಟಿಯ ಒಳಬದಿಗೆ ಎಣ್ಣೆ ಹತ್ತಿ ಕಪ್ಪಾಗಿತ್ತು. ಅವಳೇ ತಿಕ್ಕಿದ ಎಣ್ಣೆಯ ವಾಸನೆ. ಎಡಕ್ಕೆ ವಾಲಿ, ಬಲಗಾಲು ಎಳೆಯುತ್ತ, ಅವಳು ಗಾಡಿಯ ಹಿಂದೆ ಹೆಜ್ಜೆ ಹಾಕಿದಳು.

ಪೇಟೆಯ ತಿರುವಿನಲ್ಲಿ ಗಾಡಿ ಮುಂದೆ ಹೋಗಿ, ಅವಳು ಹಿಂದುಳಿದಳು. ಸಂತೆಯಿಂದ ಬರುತ್ತಿದ್ದವರು ಬೀದಿ ತುಂಬಿಕೊಂಡಿದ್ದರು. ಸತ್ತವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರಲ್ಲೊಬ್ಬ ತಲೆಯೆತ್ತಿ, ಎದುರಿಗೆ ತೂಗುತ್ತ ಬರುತ್ತಿದ್ದ ಬ್ಯಾಗನ್ನು ನೋಡಿ, ಪಕ್ಕದವನ ತೋಳು ಹಿಡಿದು ಸರಿಸಿದ.

"ದಾರಿ ಬಿಡಿ," ಎಂದ ಅವನು. "ಫೋಟೋದವರು ಬಂದ್ರು."