ಮೂರನೇ ಚೀಲ

ಗೋಡೆಗೆ ಒರಗಿಸಿ ಕೂರಿಸುವಾಗ ಮಲಕಪ್ಪನ ಹೆಣ ಎಡಕ್ಕೆ ವಾಲಿತು. "ಸೊಂಟಕ್ಕ ಏನರ ಆಸರ ಕೊಡ್ರೋ" ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. ಹೆಂಡತಿ ಫಕೀರವ್ವನ ತಮ್ಮ ಸೋಮು, ಭಾವನ ಮಂಚದ ಕೆಳಗೆ ಕೈಹಾಕಿ ಒಂದು ಕ್ಯಾನ್ವಾಸ್ ಚೀಲ ಎಳೆದ. ಸಣ್ಣ ಚೀಲ, ಎತ್ತಿದರೆ ಕಲ್ಲಿನಷ್ಟು ಭಾರ.

"ಅದನ್ನ ಬಿಡೋ!" ಫಕೀರವ್ವ ಅಳು ನಿಲ್ಲಿಸಿ ಕೂಗಿದಳು.

ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಬಾಯಿಗೆ ಬಿಗಿದ ಹುರಿ, ಹುರಿಯ ಮೇಲೆ ಎರಡು ಅರಗಿನ ಮುದ್ರೆ. ಬಾಗಿಲಲ್ಲಿ ಹಾರ ಹಿಡಿದು ನಿಂತಿದ್ದ ದಿಗಂಬರನೂ ನೋಡಿದ. ಕಬ್ಬಿಣದ ಅದಿರನ್ನು ಬಾರ್ಜು ದೋಣಿಗಳಿಗೆ ತುಂಬುವ ಹೊಳೆ ಧಕ್ಕೆಯ ಸೂಪರ್‌ವೈಸರ್ ಅವನು. ವರ್ಷದ ಹಿಂದೆ ಮಲಕಪ್ಪನನ್ನು ಕೆಲಸದಿಂದ ತೆಗೆದವನು. ಹಾರ ಹಾಕುವುದನ್ನೇ ಮರೆತ.

"ಹಂಗಾರ ಕಳ್ಳ ಅಂದದ್ದು ಖರೇನ ಬಿಡು" ಎಂದಳು ಪಕ್ಕದ ಖೋಲಿಯ ಸುಂದರವ್ವ, ಪಿಸುಮಾತು ಎಂದುಕೊಂಡು.

*

ಬಾರ್ಜಿಗೆ ತುಂಬುವ ಅದಿರಿನಿಂದ ಮಾದರಿ ತೆಗೆಯುವುದು ಮಲಕಪ್ಪನ ಕೆಲಸವಾಗಿತ್ತು. ಮಣ್ಣನ್ನು ಗುಪ್ಪೆ ಹಾಕುವುದು, ತಟ್ಟಿ ಚಪ್ಪಟೆ ಮಾಡುವುದು, ನಾಲ್ಕಾಗಿ ಸೀಳುವುದು, ಎದುರುಬದುರಿನ ಎರಡು ಪಾಲು ಎಸೆದು ಉಳಿದದ್ದನ್ನು ಮತ್ತೆ ಗುಪ್ಪೆ ಹಾಕುವುದು. ಕೊನೆಗೆ ಮೂರು ಚೀಲ. ಒಂದು ಕಂಪನಿಗೆ, ಒಂದು ಕೊಳ್ಳುವ ಚೀನಾದವರಿಗೆ. ಮೂರನೆಯದು ಮುಂದೆ ತಕರಾರು ಎದ್ದರೆ ಇರಲಿ ಎಂದು ಎರಡೂ ಕಡೆಯ ಮುದ್ರೆ ಒತ್ತಿಸಿಕೊಂಡು ಧಕ್ಕೆಯ ಕೋಣೆಯಲ್ಲಿ. ಮನೆಯಲ್ಲೂ ಅವನಿಗೆ ಅದೇ ಚಾಳಿ. ಸಂತೆಯಿಂದ ತಂದ ಜೋಳವನ್ನೂ ಗುಪ್ಪೆ ಹಾಕಿ ಸೀಳುತ್ತಿದ್ದ.

"ಜೋಳ ಬೀಸಾಕ ಕೊಡ್ತೀಯೋ, ಚೀನಾಕ್ಕ ಕಳಸ್ತೀಯೋ?" ಎಂದು ಫಕೀರವ್ವ ನಗುತ್ತಿದ್ದಳು.

"ಮ್ಯಾಲಿಂದು ನೋಡಿ ಮೋಸ ಹೋಗಬಾರದಽ."

ಎರಡು ಸಾವಿರದ ಎಂಟರ ಅಕ್ಟೋಬರಿನಲ್ಲಿ ಈ ಧಕ್ಕೆಯ ಅದಿರು ಹೊತ್ತ ಒಂದು ಹಡಗು ಇನ್ನೂ ನಡುಸಮುದ್ರದಲ್ಲಿರುವಾಗಲೇ ಅದಿರಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಅಮೆರಿಕದ ಬ್ಯಾಂಕುಗಳು ಮುಳುಗಿದ್ದಕ್ಕೆ ಇಲ್ಲಿ ಸಾಂಗೆಯ ಗಣಿಗಳ ಲಾರಿಗಳು ನಿಂತವು. ಆ ದಿನಗಳಲ್ಲೇ ಒಂದು ಸಂಜೆ ಮಲಕಪ್ಪ ಸೈಕಲ್ ಕ್ಯಾರಿಯರ್‌ನಲ್ಲಿ ಚೀಲ ತಂದ.

"ಏನದು?"

"ಮಣ್ಣು."

"ಮಣ್ಣಿಗ್ಯಾಕ ಮುದ್ರಿ?"

"ಮುಟ್ಟಬ್ಯಾಡ. ಕೇಳಲೂಬ್ಯಾಡ. ಖೋಲಿ ಉಳೀಬೇಕಂದ್ರ ಸುಮ್ಮನಿರು."

ಮರುದಿನ ಕೆಲಸ ಹೋಯಿತು. ಲಾರಿಯವರಿಂದ ಲಂಚ ತಿಂದು ಕೆಟ್ಟ ಮಣ್ಣು ಬಾರ್ಜಿಗೆ ಬಿಟ್ಟ ಕಳ್ಳ ಎಂದು ಸುದ್ದಿಯಾಯಿತು. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕುಂಡಯಿಯ ಕಾರ್ಖಾನೆಯಲ್ಲಿ ಹೊರೆ ಹೊತ್ತ. ಕಂಪನಿಯ ಖೋಲಿಯನ್ನು ಮಾತ್ರ ಯಾರೂ ಬಿಡಿಸಲಿಲ್ಲ. ಯಾಕೆಂದು ಫಕೀರವ್ವನಿಗೆ ತಿಳಿಯಲಿಲ್ಲ. ಆ ವರ್ಷವೆಲ್ಲ ಅವಳು ಗಂಡನ ಮುಖಕ್ಕಿಂತ ಮಂಚದ ಕೆಳಗನ್ನೇ ಹೆಚ್ಚು ನೋಡಿದಳು.

*

ಹೆಣ ಎತ್ತುವ ಮೊದಲು ದಿಗಂಬರ ಫಕೀರವ್ವನನ್ನು ಹಿತ್ತಲ ಬಾಗಿಲಿಗೆ ಕರೆದ. "ಅಕ್ಕಾ, ಅದು ಕಂಪನಿ ಸಾಮಾನು. ನನ್ನ ಕೈಗೆ ಕೊಟ್ಟುಬಿಡಿ. ಖೋಲಿಯ ಚಿಂತೆ ಬೇಡ, ನಿಮ್ಮ ಜೀವ ಇರೋ ತನಕ ನಿಮ್ಮದೇ."

"ಹಿಡಿ ಮಣ್ಣಿಗೆ ಖೋಲಿ ಕೊಡ್ತೀರೇನ್ರಿ, ಸಾಹೇಬ್ರ?"

"ಸತ್ತವರ ಹೆಸರು ಕೆಡಬಾರದು ಅಂತ."

"ಇಷ್ಟ ದಿನ ಕೆಡಿಸಿದವ್ರು ಯಾರ್ರಿ?"

ಅಂಗಳದಲ್ಲಿ ಬಾರ್ಜಿನಲ್ಲಿ ಕೆಲಸ ಮಾಡುವ ಮೈಬೂಬಸಾಬ ಹೆಣ ಹೊರಲು ಬಿದಿರು ಕಟ್ಟುತ್ತಿದ್ದ. ಅವಳು ನೇರ ಅವನ ಮುಂದೆ ನಿಂತಳು. "ಅಣ್ಣಾ, ನಿನಗ ಗೊತ್ತೈತಿ. ನನ್ನ ಗಂಡ ಕಳ್ಳನೋ, ಅಲ್ಲೋ?"

ಅವನು ದಿಗಂಬರನತ್ತ ಓರೆಗಣ್ಣು ಹಾಯಿಸಿ ದನಿ ತಗ್ಗಿಸಿದ. "ಚೀನಾದವ ಹಳೇ ಬೆಲಿ ಕೊಡಂಗಿಲ್ಲ ಅಂದ. ಕಂಪನಿಯವ್ರು ಒಪ್ಪಿಕೊಂಡ್ರು. ಆದ್ರ ಡಾಲರ್ ಯಾಕ ಕಡಿಮಿ ಬಂತು ಅಂತ ಇಲ್ಲಿ ಬ್ಯಾಂಕಿಗೆ ಕಾರಣ ತೋರಿಸಬೇಕಲ್ಲ? ಮಣ್ಣ ಕೆಟ್ಟಿತ್ತು ಅಂತ ಬರೆದ್ರು. ಬೆಲಿ ಬಿದ್ದದ್ದು ಅಮೆರಿಕಾದಾಗ, ಕಬ್ಬಿಣ ಕಡಿಮಿ ಆದದ್ದು ಮಲಕಪ್ಪನ ಕೈಯಾಗ. ಆ ಸುಳ್ಳು ಬಯಲು ಮಾಡೋ ಮೂರನೇ ಚೀಲ ಹೊಳಿಗೆ ಒಗಿ ಅಂದಿದ್ರು ಅವಗ. ಒಗದಿಲ್ಲ ನೋಡು."

"ಒಳಗ ಚಲೋ ಮಣ್ಣೇ ಐತೇನು?"

"ಮುದ್ರಿ ಒತ್ತೂದು ನೋಡೀನಿ. ಒಳಗಿಂದು ಒಡದ್ರಽ ಗೊತ್ತು. ಆದ್ರ ಒಡದಿ ಅಂದ್ರ ಯಾವ ಕೋರ್ಟೂ ಅದನ್ನ ನಂಬಂಗಿಲ್ಲ, ತಂಗಿ. ಖೋಲೀನೂ ಹೋಗತೈತಿ."

ಒಂದು ವರ್ಷ ಬಾಯಿಬಿಡದ ಇವನನ್ನು ಈಗ ಎಷ್ಟು ನಂಬಬೇಕು? ಅವಳು ಒಳಗೆ ಹೋಗಿ ಚೀಲವನ್ನು ಸೊಂಟದ ಮೇಲಿಟ್ಟುಕೊಂಡಳು, ನೀರಿನ ಕೊಡದಂತೆ.

ರಸ್ತೆ ದಾಟಲು ಹೆಣ ಕಾಯಬೇಕಾಯಿತು. ಬೆಲೆ ಮತ್ತೆ ಏರಿತ್ತು. ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ.

ಗುಡ್ಡದ ಬುಡದಲ್ಲಿ ಮಲಕಪ್ಪನನ್ನು ಕುಣಿಯೊಳಗೆ ಕೂರಿಸಿದರು. ಹಣೆತುಂಬ ವಿಭೂತಿ. ಹಿಡಿಮಣ್ಣು ಹಾಕುವ ಹೊತ್ತಿಗೆ ಫಕೀರವ್ವ ಸೋಮುವಿನ ಕೈಯಿಂದ ಕುಡಗೋಲು ಕಸಿದುಕೊಂಡಳು.

"ಅಕ್ಕಾ, ಖೋಲಿ..." ದಿಗಂಬರ ಮುಂದೆ ಬಂದ.

"ಇವ ಮಣ್ಣಾಗೂದರಾಗ ನಾ ನೋಡಬೇಕ್ರಿ."

ಹುರಿ ಕೊಯ್ದಳು. ಮುದ್ರೆಗಳು ಒಡೆದು ಬಿದ್ದವು. ಸೆರಗು ಹಾಸಿ ಸುರಿದಳು. ಗುಪ್ಪೆ ಹಾಕಿದಳು, ಅಂಗೈಯಿಂದ ತಟ್ಟಿದಳು, ಕುಡಗೋಲಿನ ಬೆನ್ನಿನಿಂದ ನಾಲ್ಕಾಗಿ ಸೀಳಿದಳು. ಒಳಗೂ ಹೊರಗೂ ಒಂದೇ ಕಪ್ಪು, ಬಿಸಿಲಿಗೆ ಉಕ್ಕಿನ ಹೊಳಪು. ನಡುವಿನಿಂದ ಒಂದು ಹಿಡಿ ತೆಗೆದು ದಿಗಂಬರನ ಅಂಗೈಗೆ ಹಾಕಿದಳು.

"ಮೊದಲ ನೀವ ಹಾಕ್ರಿ."

ಧಕ್ಕೆಯಲ್ಲಿ ಬೆಳೆದ ಕೈ ಅದು, ಒಳ್ಳೆಯ ಅದಿರನ್ನು ಭಾರದಿಂದಲೇ ಗುರುತಿಸುವ ಕೈ. ತನಗೆ ತಾನೇ ಮೇಲೆ ಕೆಳಗೆ ಆಡಿ ತೂಕ ನೋಡಿತು. ಒಮ್ಮೆ, ಮತ್ತೊಮ್ಮೆ. ಸುತ್ತ ನಿಂತ ಧಕ್ಕೆಯವರ ಕಣ್ಣುಗಳೆಲ್ಲ ಆ ಕೈಯ ಜೊತೆಗೇ ಏರಿ ಇಳಿದವು. ಅದು ಗೊತ್ತಾದೊಡನೆ ದಿಗಂಬರ ಮುಷ್ಟಿ ಬಿಗಿದ.

"ಹಾಕ್ರಿ, ಸಾಹೇಬ್ರ" ಎಂದರು ಅಯ್ಯನವರು.

ಮುಷ್ಟಿ ಕುಣಿಯ ಮೇಲೆ ಹಾಗೇ ನಿಂತಿತು. ಬೆರಳ ಸಂದಿಯಿಂದ ಕಪ್ಪು ಪುಡಿ ಸಣ್ಣಗೆ ಮಲಕಪ್ಪನ ಹಣೆಯ ವಿಭೂತಿಯ ಮೇಲೆ ಉದುರುತ್ತಿತ್ತು.